ಮೂರು ಕಾಯಿಲ್, ಒಂದು ಬಿಳಿ ಕಲ್ಲು

ನನ್ನ ಟ್ರಾಕ್ಟರನ್ನು ನೋಡಿ ನಕ್ಕವರೇ ಹೆಚ್ಚು. ನಗಲಿ. ನಕ್ಕವರೇ ಬಿತ್ತನೆ ಕಾಲ ಬಂದಾಗ ಶೇಂಗಾ ಚೀಲ ಹೊತ್ತುಕೊಂಡು ನನ್ನ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಾರೆ. ಆಗ ಅವರ ಮುಖದಲ್ಲಿ ನಗು ಇರುವುದಿಲ್ಲ.

ಅದು ಈಗಿನವುಗಳ ಹಾಗೆ ಡೀಸೆಲ್ ಕುಡಿಯುವ ಟ್ರಾಕ್ಟರಲ್ಲ. ನನ್ನ ಮಾವನ ಕಾಲದ್ದು, ಹಡಗಿನಲ್ಲಿ ಬಂದದ್ದಂತೆ. ಪೆಟ್ರೋಲಿನಲ್ಲಿ ಹೊತ್ತಿಕೊಂಡು ಆಮೇಲೆ ಸೀಮೆಎಣ್ಣೆಯಲ್ಲಿ ಓಡುವ ಜಾತಿ. ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಪೂರ್ತಿ ಪೆಟ್ರೋಲೇ. ಹೊಲ ಉಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಬಿ.ಜಿ. ಕೆರೆಯಿಂದ ಸ್ವಲ್ಪ ಒಳಗಿರುವ ನಮ್ಮೂರಿನ ರಸ್ತೆ ಬದಿಯಲ್ಲಿ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ನಾಲ್ಕು ದಿಮ್ಮಿಗಳ ಮೇಲೆ ಕೂತಿದೆ. ಅದರ ಪಕ್ಕೆಯಲ್ಲಿ ಒಂದು ರಾಟೆ, ರಾಟೆಗೆ ಉದ್ದನೆಯ ಪಟ್ಟಾ, ಪಟ್ಟಾದ ಆ ತುದಿಗೆ ಶೇಂಗಾ ಸುಲಿಯುವ ಮಿಷನ್. ಇಷ್ಟೇ ಅದರ ಸಂಸಾರ. ನನ್ನದೂ ಹೆಚ್ಚು ಕಡಿಮೆ ಅಷ್ಟೇ.

ಜನ ನನ್ನ ಮುಖ ನೋಡಿ ಬರುವುದಿಲ್ಲ. ಟ್ರಾಕ್ಟರು ನಿಧಾನ, ಅದಕ್ಕೆ ಬರುತ್ತಾರೆ. ಮುದಿ ಎತ್ತಿನ ಹಾಗೆ ಒಂದೇ ಹದದಲ್ಲಿ ತಿರುಗುತ್ತದೆ. ಕಾಯಿ ಒಡೆಯುತ್ತದೆ, ಬೀಜ ಒಡೆಯುವುದಿಲ್ಲ. ಬೀಜದ ಮೇಲಿನ ಕೆಂಪು ಸಿಪ್ಪೆ ಕೂಡ ಹರಿಯುವುದಿಲ್ಲ. ಸಿಪ್ಪೆ ಹರಿದ ಬೀಜವನ್ನು ನೆಲಕ್ಕೆ ಹಾಕಿದರೆ ಇರುವೆಗೆ ಹಬ್ಬ, ಅಷ್ಟೇ. ರಸ್ತೆಯ ಆಚೆ ಬದಿಯಲ್ಲಿ ಒಬ್ಬ ಹೊಸ ಡೀಸೆಲ್ ಮಿಷನ್ ತಂದಿಟ್ಟಿದ್ದಾನೆ. ನೀವು ಒಂದು ಟೀ ಕುಡಿಯುವಷ್ಟರಲ್ಲಿ ಒಂದು ಚೀಲ ಸುಲಿದು ಬಿಸಾಕುತ್ತದೆ. ಒಂದು ಹಿಡಿ ಬೀಜ ತೆಗೆದು ನೋಡಿದರೆ ಮೂರರಲ್ಲಿ ಒಂದು ಬೀಜ ಎರಡು ಹೋಳಾಗಿರುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹಾಕುವವರಿಗೆ ಹೋಳಾದರೇನು, ಪುಡಿಯಾದರೇನು. ಬಿತ್ತುವವರಿಗೆ ಅದು ನಡೆಯುವುದಿಲ್ಲ. ಆದರೂ ಅವನ ಮುಂದೆ ಬಣ್ಣ ಬಣ್ಣದ ಬೋರ್ಡಿದೆ, ಕುರ್ಚಿ ಇದೆ, ಫ್ಯಾನಿದೆ. ಜನಕ್ಕೆ ಫ್ಯಾನ್ ಕಂಡರೆ ಬುದ್ಧಿ ಹಾರಿ ಹೋಗುತ್ತದೆ.

ನಮ್ಮ ಮಿಷನ್ ಓಡಿಸುವವನು ನನ್ನ ತಮ್ಮ. ಅವನೇ ನನ್ನ ಅಳಿಯ ಕೂಡ. ನನ್ನ ಮಗಳನ್ನು ಅವನಿಗೇ ಕೊಟ್ಟಿದ್ದು. ಕೆಲಸಗಾರ, ಸುಳ್ಳು ಹೇಳುವುದಿಲ್ಲ. ಆದರೆ ಆ ಟ್ರಾಕ್ಟರ್ ಕಂಡರೆ ಅವನಿಗೆ ಮೈ ಉರಿ. ಪೆಟ್ರೋಲ್ ಹಾಕುವಾಗಲೆಲ್ಲ ತನ್ನ ರಕ್ತ ಸುರಿದವನ ಹಾಗೆ ಮುಖ ಮಾಡುತ್ತಾನೆ. ಈ ಸಲದ ಬಿತ್ತನೆ ಬೀಜದ ಗಿರಾಕಿಗಳು ಎದುರಿನವನ ಕಡೆ ಹೋದರೆ ಮುಂದಿನ ವರ್ಷ ಯಾರೂ ತಿರುಗಿ ನೋಡುವುದಿಲ್ಲ, ಆಗ ಇದನ್ನು ಗುಜರಿಗೆ ಹಾಕುವುದೇ ಸೈ ಎಂದು ಅವನು ಯುಗಾದಿಯ ಹೊತ್ತಿಗೇ ಹೇಳಿದ್ದ. ನಾನು ಕೋಪದಲ್ಲಿ, ಹಾಕು ಹೋಗು ಅಂದಿದ್ದೆ. ಕೋಪದಲ್ಲಿ ಅಂದ ಮಾತನ್ನು ಜನ ಕಾಗದದ ಮೇಲೆ ಬರೆದಿಟ್ಟುಕೊಂಡವರ ಹಾಗೆ ನೆನಪಿಟ್ಟುಕೊಳ್ಳುತ್ತಾರೆ.

ಇನ್ನು ಕಲ್ಲಿನ ವಿಷಯ ಹೇಳಬೇಕು.

ಟ್ರಾಕ್ಟರಿನ ಬಾನೆಟ್ ಎತ್ತಿದರೆ ಒಳಗೆ ಒಂದು ಕಪ್ಪು ಡಬ್ಬಿ ಇದೆ. ಅದೇ ಕಾಯಿಲ್. ಬ್ಯಾಟರಿಯ ಕರೆಂಟನ್ನು ಅದು ಜೋರು ಮಾಡಿ ಪ್ಲಗ್ಗಿಗೆ ಕೊಡುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಇದಿಷ್ಟು ನನಗೆ ಮೊದಲಿನಿಂದ ಗೊತ್ತು. ಆ ಕಾಯಿಲ್ ಪಕ್ಕದಲ್ಲೇ ಬೆರಳುದ್ದದ ಒಂದು ಬಿಳಿ ಪಿಂಗಾಣಿ ಕಲ್ಲಿತ್ತು. ಎರಡು ತುದಿಗೂ ಒಂದೊಂದು ವೈರು. ಮೊದಲು ಅದು ಇರಲಿಲ್ಲ. ಹಳೆಯ ಬ್ಯಾಟರಿ ಸಿಗದೆ ನನ್ನ ಗಂಡ ದೊಡ್ಡ ಬ್ಯಾಟರಿ ತಂದು ಹಾಕಿದ ವರ್ಷ ಅದು ಅಲ್ಲಿಗೆ ಬಂತು. ಅದೇ ವರ್ಷ ನಮ್ಮ ಶೇಂಗಾ ಊರಿಗೆಲ್ಲ ಹೆಚ್ಚಾಗಿ ಬೆಳೆದಿತ್ತು, ಕಂಡವರ ಕಣ್ಣೆಲ್ಲ ನಮ್ಮ ಕಣದ ಮೇಲಿತ್ತು. ಆತ ದೃಷ್ಟಿಗೆಂದು ಕಲ್ಲು ಕಟ್ಟಿದ್ದಾನೆ ಎಂದು ನಾನು ತಿಳಿದೆ. ಪ್ರತಿ ಆಯುಧಪೂಜೆಗೆ ಟ್ರಾಕ್ಟರಿಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆದು, ಆ ಕಲ್ಲಿಗೆ ಬೇರೆಯಾಗಿ ಅರಿಶಿನ ಕುಂಕುಮ ಹಚ್ಚುತ್ತಾ ಬಂದೆ. ಆತ ಸತ್ತ ಮೇಲೂ ಬಿಡಲಿಲ್ಲ.

ಹೋದ ಸಲದ ಆಯುಧಪೂಜೆಯಲ್ಲಿ ಎದುರಿನವನ ಹೊಸ ಮಿಷನ್ನಿಗೂ ಪೂಜೆ ನಡೆಯಿತು. ಅವನು ಕೈಕಟ್ಟಿಕೊಂಡು ನಿಂತು ನನ್ನ ಶೆಡ್ಡನ್ನೇ ನೋಡುತ್ತಿದ್ದ. ನನಗೆ ಆ ನೋಟ ಹಿಡಿಸಲಿಲ್ಲ. ಬಾನೆಟ್ಟಿನೊಳಗೆ ಬಚ್ಚಿಟ್ಟ ದೃಷ್ಟಿಕಲ್ಲು ಯಾರ ಕಣ್ಣಿಗೆ ಬೀಳುತ್ತದೆ? ಬಾಗಿಲ ಮೇಲಿದ್ದರೆ ತಾನೆ ಬರುವವರ ಕಣ್ಣು ಮೊದಲು ಅದಕ್ಕೆ ತಾಗುವುದು? ತಮ್ಮನನ್ನು ಕರೆದು ಕಲ್ಲು ಬಿಚ್ಚಿಸಿದೆ. ಅದಕ್ಕಿದ್ದ ಎರಡು ವೈರುಗಳನ್ನು ಅವನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ. ನಾನು ಕಲ್ಲನ್ನು ಕಪ್ಪು ದಾರದಲ್ಲಿ ಪೋಣಿಸಿ, ಅರಿಶಿನ ಮೆತ್ತಿ, ಶೆಡ್ಡಿನ ಬಾಗಿಲ ಮೇಲೆ ಎದುರಿನವನ ಕಡೆಗೆ ಮುಖ ಮಾಡಿ ಕಟ್ಟಿದೆ. ಪೂಜೆ ಮುಗಿದ ಮೇಲೆ ತಮ್ಮ ಹ್ಯಾಂಡಲ್ ತಿರುಗಿಸಿದ. ಯಾವತ್ತೂ ನಾಲ್ಕು ಸಲ ತಿರುಗಿಸಬೇಕಾಗಿದ್ದ ಟ್ರಾಕ್ಟರು ಅವತ್ತು ಒಂದೇ ತಿರುವಿಗೆ ಹೊತ್ತಿಕೊಂಡಿತು. ಎರಡು ನಿಮಿಷ ಓಡಿಸಿ ನಿಲ್ಲಿಸಿದೆವು. ನಾನು ಎದುರಿನವನ ಕಡೆ ನೋಡಿ ಗಂಟಲು ಸರಿಮಾಡಿಕೊಂಡೆ. ಅಷ್ಟು ಸೊಕ್ಕು ನನಗೆ.

ಆಮೇಲೆ ಟ್ರಾಕ್ಟರು ಮಲಗಿತು. ನಾವು ಸುಲಿಯುವುದು ಬಿತ್ತನೆ ಬೀಜ ಮಾತ್ರ. ಅದು ಮುಂಗಾರು ಬಿದ್ದ ಮೇಲಿನ ಕೆಲಸ.

ಈ ಸಲ ಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ನೆಲ ಹದವಾಯಿತು. ಎರಡೇ ದಿನದಲ್ಲಿ ಶೆಡ್ಡಿನ ತುಂಬ ಚೀಲಗಳು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಂಗಳವಾರ ಬೆಳಗ್ಗೆ ಎಲ್ಲರೂ ಬಿತ್ತನೆಗೆ ಇಳಿಯುವವರಿದ್ದರು. ಸೋಮವಾರ ಸಂಜೆಯೊಳಗೆ ಎಲ್ಲರ ಬೀಜ ಸುಲಿದು ಕೊಡುತ್ತೇನೆ ಎಂದು ನಾನು ಬಾಯಿ ತುಂಬ ಹೇಳಿದ್ದೆ.

ಬುಧವಾರ ಮಧ್ಯಾಹ್ನ ಟ್ರಾಕ್ಟರು ಕೆಮ್ಮಿತು. ಆಮೇಲೆ ಉಗ್ಗಿತು. ಆಮೇಲೆ ನಿಂತಿತು. ಬಾನೆಟ್ ಎತ್ತಿದರೆ ಸುಟ್ಟ ವಾಸನೆ. ಕಾಯಿಲ್ ಮುಟ್ಟಿದರೆ ರೊಟ್ಟಿಯ ಹೆಂಚು. ಅದರ ತಲೆಯಿಂದ ಕಪ್ಪು ಎಣ್ಣೆ ಜಿನುಗುತ್ತಿತ್ತು. ತಮ್ಮ ಅರಿವೆ ತುಂಡಿನಿಂದ ಅದನ್ನು ಒರೆಸಿ, ಹೆಣ ನೋಡಿದವನ ಹಾಗೆ ಎದ್ದು ನಿಂತ.

“ಕಾಯಿಲ್ ಹೋಯ್ತಕ್ಕ. ಇದರ ಕಾಯಿಲ್ ಈಗ ಎಲ್ಲಿ ಹುಡುಕ್ತೀಯ? ಗುಜರಿಯೋನಿಗೆ ಫೋನ್ ಮಾಡ್ಲಾ?”

“ನನ್ನ ಹೆಣ ಎತ್ತಿದ ಮೇಲೆ ಮಾಡು,” ಅಂದೆ.

ಗುರುವಾರ ಬೆಳಗ್ಗೆ ಸತ್ತ ಕಾಯಿಲನ್ನು ಕೈಚೀಲದಲ್ಲಿ ಹಾಕಿಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ. ಬಳ್ಳಾರಿ ರಸ್ತೆಯಲ್ಲಿ ಒಂದು ದೊಡ್ಡ ಬಿಡಿಭಾಗದ ಅಂಗಡಿ. ಮುಂದೆ ಗಾಜು, ಒಳಗೆ ತಂಪು. ಅಂಗಡಿಯವನು ನನ್ನ ಸೀರೆ ನೋಡಿದ, ಚೀಲ ನೋಡಿದ, ತನ್ನ ಫೋನ್ ನೋಡಿದ. ಮೂರನೆಯದರ ಮೇಲೆ ಕಣ್ಣು ನಿಂತಿತು. ನಾನು ಕಾಯಿಲನ್ನು ಗಾಜಿನ ಮೇಲೆ ಟಪ್ ಎಂದು ಇಟ್ಟೆ. ಎಣ್ಣೆ ಅಂಟಿತು. ಆಗ ಅವನಿಗೆ ನಾನು ಕಂಡೆ.

ಯಾವ ಗಾಡಿ ಅಂದ. ಹೇಳಿದೆ. ಅದು ಇನ್ನೂ ಇದೆಯಾ ಎಂದು ಪಕ್ಕದ ಗಿರಾಕಿಯ ಕಡೆ ತಿರುಗಿ ನಕ್ಕ. ಗಾಡಿಯ ಫೋಟೋ ವಾಟ್ಸಾಪಿಗೆ ಕಳಿಸಿ ಅಂದ. ತಮ್ಮನಿಗೆ ಫೋನ್ ಮಾಡಿ ಕಳಿಸಲು ಹೇಳಿದೆ. ಫೋಟೋ ಬಂತು. ಅವನು ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಕುಗ್ಗಿಸಿ, ಮದುವೆಗೆ ಹೆಣ್ಣು ನೋಡುವವನ ಹಾಗೆ ನೋಡಿದ. ಕಪಾಟಿನಿಂದ ಒಂದು ಡಬ್ಬಿ ತೆಗೆದು ನನ್ನ ಸತ್ತ ಕಾಯಿಲ್ ಪಕ್ಕ ನಿಲ್ಲಿಸಿದ. ಎತ್ತರ ಒಂದೇ, ದಪ್ಪ ಒಂದೇ, ಬಣ್ಣ ಕೂಡ ಒಂದೇ.

“ಸೇಮ್ ಟು ಸೇಮ್ ಅಮ್ಮ. ಕಣ್ಣು ಮುಚ್ಚಿ ಹಾಕಿ.”

ಡಬ್ಬಿಯ ತಳದಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಏನೋ ಬರೆದಿತ್ತು. ನನಗೆ ಕನ್ನಡವೇ ದಪ್ಪ ಅಕ್ಷರವಾದರೆ ಮಾತ್ರ ಬರುತ್ತದೆ. ಅದೇನು ಬರೆದಿದೆ ಎಂದು ಕೇಳಿದೆ. ಕಂಪನಿಯವರು ಏನೇನೋ ಬರೆದಿರುತ್ತಾರೆ ಅಂದ. ಓದು ಬರುವವನು ಓದಲಿಲ್ಲ. ಓದು ಬಾರದ ನಾನು ಬದನೆಕಾಯಿ ಆರಿಸಿದ ಹಾಗೆ ಕೈಯಲ್ಲಿ ಹಿಡಿದು, ತೂಗಿ, ಸರಿ ಇದೆ ಎಂದು ತಂದೆ.

ಹಾಕಿದೆವು. ಒಂದೇ ತಿರುವಿಗೆ ಹೊತ್ತಿಕೊಂಡಿತು. ಶುಕ್ರವಾರ ಬೆಳಗ್ಗೆ ಆರು ಚೀಲ ಸುಲಿದು ಮುಗಿಯುವಷ್ಟರಲ್ಲಿ ಮತ್ತೆ ಕೆಮ್ಮು, ಮತ್ತೆ ಉಗ್ಗು, ಮತ್ತೆ ಹೆಂಚು. ಈ ಸಲ ಪಾಯಿಂಟ್ ಕೂಡ ಸುಟ್ಟಿತ್ತು. ಪಾಯಿಂಟ್ ಅಂದರೆ ಕಾಯಿಲಿಗೆ ಹೋಗುವ ಕರೆಂಟನ್ನು ಬಿಟ್ಟು ಹಿಡಿದು ಮಾಡುವ ಎರಡು ಸಣ್ಣ ಗುಂಡಿಗಳು. ಕಾಳಿನಷ್ಟಿರುವ ಆ ಗುಂಡಿಗಳು ನೀಲಿ ಬಣ್ಣಕ್ಕೆ ತಿರುಗಿ ಕಚ್ಚಿಕೊಂಡಿದ್ದವು. ಎದುರಿನವನು ರಸ್ತೆ ದಾಟಿ ಬಂದು ನಿಂತು, ಹೊಗೆ ಯಾಕೆ ಎಂದು ಕೇಳಿದ. ಅಡುಗೆ ಮಾಡುತ್ತಿದ್ದೇವೆ, ಉಂಡು ಹೋಗು ಅಂದೆ. ಅವನು ಹೋಗುವಾಗ ನನ್ನ ಮೂರು ಗಿರಾಕಿಗಳು ಚೀಲ ಹೊತ್ತುಕೊಂಡು ಅವನ ಹಿಂದೆ ಹೋದರು. ಉಂಡು ಹೋಗಲು ಯಾರೂ ನಿಲ್ಲಲಿಲ್ಲ.

ಮತ್ತೆ ಚಳ್ಳಕೆರೆ. ಅಂಗಡಿಯವನು ತಪ್ಪು ತನ್ನದು ಎಂದು ಯಾಕೆ ಒಪ್ಪುತ್ತಾನೆ. ಹಳೆ ಗಾಡಿಗೆ ಮಾಮೂಲಿ ಕಾಯಿಲ್ ತಡೆಯುವುದಿಲ್ಲ, ಜೋರಾದದ್ದು ಬೇಕು ಎಂದು ಹೊಸ ಜೀಪುಗಳಿಗೆ ಹಾಕುವ ಕೆಂಪು ಕಾಯಿಲ್ ಕೊಟ್ಟ. ಇದರ ಕಿಡಿ ಸಿಡಿಲಿನ ಹಾಗೆ ಎಂದ. ನನಗೆ ಸಿಡಿಲು ಬೇಕಿರಲಿಲ್ಲ, ಬೆಂಕಿಕಡ್ಡಿಯಷ್ಟು ಕಿಡಿ ಸಾಕಿತ್ತು. ಆದರೂ ತಂದೆ. ಜೋರಾದದ್ದೇ ಒಳ್ಳೆಯದು ಎನ್ನುವ ದಡ್ಡತನ ಅಂಗಡಿಯವನೊಬ್ಬನದೇ ಅಲ್ಲ, ನನ್ನಲ್ಲೂ ಇತ್ತು. ಹೊಸ ಪಾಯಿಂಟ್, ಹೊಸ ಕಾಯಿಲ್ ಹಾಕಿ ಶನಿವಾರ ಬೆಳಗ್ಗೆ ಹೊತ್ತಿಸಿದರೆ ಸಿಡಿಲು ಒಂದು ಗಂಟೆ ಹೊಡೆಯಿತು. ಆಮೇಲೆ ಪಾಯಿಂಟ್ ಕರಗಿ ಒಂದೇ ಮುದ್ದೆ. ಕೆಂಪು ಕಾಯಿಲಿನ ತಲೆ ಸೀಳಿತ್ತು.

ತಮ್ಮ ಸ್ಪಾನರನ್ನು ಎಸೆಯಲಿಲ್ಲ, ಮೆಲ್ಲಗೆ ಕೆಳಗಿಟ್ಟ. ಅದು ನನಗೆ ಹೆಚ್ಚು ಹೆದರಿಕೆ ತಂದಿತು.

“ಅಕ್ಕ, ಮುಗೀತು. ಗುಜರಿಗೆ ಹಾಕು ಅಂತ ನೀನೇ ಮಾತು ಕೊಟ್ಟಿದ್ದಿ.”

ಶೆಡ್ಡಿನಲ್ಲಿ ಉಳಿದವರು ನಾಲ್ಕೈದು ಜನ. ಅವರಲ್ಲಿ ಗೌರಸಮುದ್ರದ ಒಬ್ಬ ಹೆಂಗಸು ತನ್ನ ಚೀಲದ ಮೇಲೆಯೇ ಕೂತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುವವಳು. ವರ್ಷ ವರ್ಷ ತನ್ನ ಬೀಜವನ್ನು ನನ್ನಲ್ಲೇ ಸುಲಿಸಿಕೊಂಡು ಹೋಗುವವಳು. ಹೋದ ವರ್ಷ ಅವಳ ಸೊಸೆ ಎದುರಿನವನ ಹತ್ತಿರ ಸುಲಿಸಿ, ಹೊಲದಲ್ಲಿ ಅರ್ಧ ಸಾಲು ಬೋಳಾಗಿತ್ತಂತೆ.

“ಸೋಮವಾರ ಮಧ್ಯಾಹ್ನದವರೆಗೂ ನೋಡ್ತೀನಕ್ಕ. ಆಮೇಲೆ ನಾನೂ ಆ ಕಡೆ ಹೋಗಾದೇ. ಏಮಿ ಚೇಸೇದಿ, ಏನ್ ಮಾಡಾದು?”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿತ್ತನೆ ಯಾರಿಗಾಗಿಯೂ ನಿಲ್ಲುವುದಿಲ್ಲ.

ಭಾನುವಾರ ಮೂರು ಸತ್ತ ಕಾಯಿಲುಗಳನ್ನು ಚೀಲಕ್ಕೆ ಹಾಕಿಕೊಂಡು ಮೊಳಕಾಲ್ಮೂರಿಗೆ ಹೋದೆ. ನನ್ನ ಗಂಡ ಬದುಕಿದ್ದಾಗ ಟ್ರಾಕ್ಟರಿನ ರಿಪೇರಿಗೆ ಅಲ್ಲಿನ ಒಬ್ಬ ಸಾಹೇಬರ ಹತ್ತಿರ ಹೋಗುತ್ತಿದ್ದ. ಅವರು ಇದ್ದಾರೋ ಹೋದರೋ ಅದೂ ಗೊತ್ತಿರಲಿಲ್ಲ. ಮೊದಲೇ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ಆ ಅಂಗಡಿಗೆ ಬೋರ್ಡಿಲ್ಲ. ಚಳ್ಳಕೆರೆಯ ಅಂಗಡಿಗೆ ಗಾಜಿತ್ತು. ಫ್ಯಾನ್ ನೋಡಿ ಹೋಗುವ ಜನರನ್ನು ಬೈಯುವ ನಾನು ಗಾಜು ನೋಡಿ ಹೋಗಿದ್ದೆ.

ಮಗ್ಗದವರ ಓಣಿಯ ಹಿಂದೆ ಅವರ ಗ್ಯಾರೇಜು. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಬಿಡದೆ ಬರುತ್ತಿತ್ತು. ಸಾಹೇಬರು ಇದ್ದರು. ನನ್ನಷ್ಟೇ ವಯಸ್ಸು, ಬಾಟಲಿ ತಳದಂಥ ಕನ್ನಡಕ. ನಾನು ಯಾರೆಂದು ಹೇಳಿದೆ. ಗುರುತು ಹಿಡಿದರು. ಟೀ ತರಿಸಿದರು. ನಾನು ಅವಸರದಲ್ಲಿ ಬಂದವಳು, ಟೀ ಬೇಡ ಅಂದೆ. ಅವಸರಕ್ಕೆ ಟೀ ಬೇಡ, ನಮಗೆ ಬೇಕು ಅಂದರು.

ಮೂರು ಕಾಯಿಲುಗಳನ್ನು ಬೆಂಚಿನ ಮೇಲೆ ಮೀನಿನ ಹಾಗೆ ಸಾಲಾಗಿ ಮಲಗಿಸಿದರು. ಒಂದೊಂದನ್ನೂ ಮೂಸಿದರು. ಎರಡನೆಯದರ ತಳ ಒರೆಸಿ, ಕನ್ನಡಕ ಎತ್ತಿ ಆ ಸಣ್ಣ ಅಕ್ಷರ ಓದಿದರು. ಟ್ರಾಕ್ಟರಿನ ಫೋಟೋ ಕೇಳಲಿಲ್ಲ.

“ಮೂರೂ ಒಂದೇ ರೋಗದಲ್ಲಿ ಸತ್ತವೆ ಅಕ್ಕ. ಕಲ್ಲು ಎಲ್ಲೈತೆ?”

“ಯಾವ ಕಲ್ಲು?”

“ಕಾಯಿಲ್ ಪಕ್ಕ ಬಿಳೀದು. ಬೆರಳುದ್ದ. ನಾನೇ ಹಾಕಿ ಕೊಟ್ಟಿದ್ದು, ನಿಮ್ಮ ಯಜಮಾನ್ರಿಗೆ.”

“ಅದಾ? ದೃಷ್ಟಿಕಲ್ಲು. ಶೆಡ್ಡಿನ ಬಾಗಿಲಿಗೆ ಕಟ್ಟೀನಿ.”

ಅವರು ಲೋಟ ಕೆಳಗಿಟ್ಟರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಮೇಲೆ ನಿಧಾನವಾಗಿ ಹೇಳಿದರು. ನನ್ನ ಮಾವನ ಕಾಲದ ಬ್ಯಾಟರಿ ಆರು ವೋಲ್ಟಿನದು, ಕಾಯಿಲ್ ಕೂಡ ಆರರದು. ನನ್ನ ಗಂಡ ಹನ್ನೆರಡರ ಬ್ಯಾಟರಿ ಹಾಕಿದಾಗ ಕಾಯಿಲಿಗೆ ಎರಡರಷ್ಟು ಕರೆಂಟ್ ನುಗ್ಗಿ ಸುಡಬಾರದೆಂದು ನಡುವೆ ಆ ಕಲ್ಲನ್ನು ಹಾಕಿದ್ದು. ಅದರೊಳಗೆ ಒಂದು ತಂತಿ ಇದೆ. ಕೆರೆಯ ತೂಬು ನೀರನ್ನು ಹಿಡಿದು ಬಿಡುವ ಹಾಗೆ ಅದು ಕರೆಂಟನ್ನು ಹಿಡಿದು ಬಿಡುತ್ತದೆ. ಅದಕ್ಕೇ ಅದು ಬಿಸಿಯಾಗುತ್ತದೆ. ಕಲ್ಲು ತೆಗೆದು ವೈರು ಹೊಸೆದರೆ ತೂಬು ಕಿತ್ತ ಹಾಗೆ. ಮೊದಲು ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತದೆ, ಆಮೇಲೆ ಎಲ್ಲವನ್ನೂ ಸುಡುತ್ತದೆ. ಎರಡನೆಯ ಕಾಯಿಲಿನ ತಳದಲ್ಲಿ ಬರೆದಿದ್ದೂ ಅದೇ, ಹೊರಗೆ ಇಂಥ ಕಲ್ಲು ಇಲ್ಲದೆ ಹಾಕಬೇಡಿ ಎಂದು. ಮೂರನೆಯ ಕೆಂಪು ಕಾಯಿಲು ಪಾಯಿಂಟ್ ಇರುವ ಗಾಡಿಗೆ ಹಾಕುವಂಥದ್ದೇ ಅಲ್ಲ.

ನನ್ನ ಗಂಡ ಇದನ್ನು ನನಗೆ ಹೇಳಬೇಕಿತ್ತು ಎಂದೆ. ಮೂವತ್ತು ವರ್ಷ ನಾನು ಅದಕ್ಕೆ ಕುಂಕುಮ ಹಚ್ಚುವುದನ್ನು ನೋಡಿಕೊಂಡು ಸುಮ್ಮನಿದ್ದ ಮನುಷ್ಯ ಎಂಥವನು ಎಂದು ಸತ್ತವನನ್ನು ಬೈದೆ.

“ಹೇಳಿದ್ರಂತೆ ಅಕ್ಕ,” ಅಂದರು ಸಾಹೇಬರು. “ಎಷ್ಟು ಹೇಳಿದ್ರೂ ಕೇಳಲ್ಲ, ಕುಂಕುಮ ಹಚ್ಚಿದ್ರೆ ಕೆಡ್ತೈತಾ ಅಂತ ನನ್ನ ಹತ್ರ ಬಂದು ಕೇಳಿದ್ರು. ಕೆಡಲ್ಲ, ಹಚ್ಕೊಳ್ಲಿ ಅಂದೆ.”

ಆಗ ನೆನಪಾಯಿತು. ನಾನು ಅರಿಶಿನ ಕಲಸುತ್ತಿದ್ದಾಗ ಆತ ಬಾನೆಟ್ ಹಿಡಿದುಕೊಂಡು, ಅದು ಕರೆಂಟ್ ತಡೆಯೋದು ಕಣೇ ಅಂದಿದ್ದ. ದೇವರ ವಿಷಯದಲ್ಲಿ ಹಗುರ ಮಾತಾಡಬೇಡ ಎಂದು ನಾನು ಬಾಯಿ ಮುಚ್ಚಿಸಿದ್ದೆ. ಮುಂದಿನ ವರ್ಷವೂ ಅಂದಿದ್ದ. ಆಮೇಲೆ ಯಾವ ವರ್ಷದಿಂದಲೋ ಬಾನೆಟ್ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದ.

ಟೀ ಆರಿತ್ತು. ಕುಡಿದೆ.

ಸಾಹೇಬರು ಎದ್ದು ಹಿಂದಿನ ಪೆಟ್ಟಿಗೆಯಿಂದ ಎರಡು ಕಾಯಿಲ್ ತಂದರು. ಒಂದು ಹೊಸದು, ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಯಾವುದೋ ಹಳೆಯ ಪೆಟ್ರೋಲ್ ಜೀಪಿನಿಂದ ಬಿಚ್ಚಿದ್ದು, ಬಣ್ಣ ಹೋಗಿತ್ತು, ಒಂದು ಕಡೆ ತಗ್ಗಾಗಿತ್ತು. ಕಾಯಿಲನ್ನು ಹೊರಗಿನ ಚಂದ ನೋಡಿ ಆರಿಸಬಾರದು, ಮೀಟರ್ ಹಿಡಿದು ಆರಿಸಬೇಕು ಎಂದರು. ಮೀಟರಿನ ಎರಡು ಮೊನೆಗಳನ್ನು ಕಾಯಿಲಿನ ಎರಡು ಸಣ್ಣ ಬೋಲ್ಟುಗಳಿಗೆ ತಾಗಿಸಿದರು. ಅಂಕಿ ನನಗೂ ಬರುತ್ತದೆ. ಹೊಸದು ಮೂರು ತೋರಿಸಿತು. ಹಳೆಯದು ಒಂದೂವರೆ. ಮೂರು ತೋರಿಸಿದ್ದಕ್ಕೆ ಕಲ್ಲು ಬೇಡ, ತಡೆಯುವ ತಂತಿ ಅದರ ಹೊಟ್ಟೆಯೊಳಗೇ ಇದೆ. ಒಂದೂವರೆ ತೋರಿಸಿದ್ದಕ್ಕೆ ಕಲ್ಲು ಬೇಕೇ ಬೇಕು.

ನಾನು ಹೊಸದರ ಕಡೆ ಕೈ ಚಾಚಿದೆ. ಸುಳ್ಳು ಯಾಕೆ ಹೇಳಲಿ. ಅದನ್ನು ಹಾಕಿದರೆ ಕಲ್ಲು ಬಾಗಿಲಲ್ಲೇ ಇರುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕೆಟ್ಟ ಹೆಸರೆಲ್ಲ ಚಳ್ಳಕೆರೆಯ ಗಾಜಿನವನಿಗೆ.

ಸಾಹೇಬರು ನನ್ನ ಕೈ ನೋಡಿದರು. ಎರಡು ಕಾಯಿಲುಗಳಿಗೂ ಬ್ಯಾಟರಿ ಕೊಟ್ಟರು. ಹಳೆಯದಕ್ಕೆ, ರಿಪೇರಿಗೆ ಬಂದಿದ್ದ ಒಂದು ಜೀಪಿನ ಬಾನೆಟ್ಟಿನೊಳಗಿದ್ದ ಕಲ್ಲನ್ನು ನಡುವೆ ಸೇರಿಸಿದರು. ಆ ಜೀಪು ಬೇರೆಯವರದು, ಸಂಜೆ ಬಂದು ಒಯ್ಯುವವರಿದ್ದರು, ಅದನ್ನು ನನಗೆ ಕೊಡುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಕೂತೆವು. ಮಗ್ಗದ ಸದ್ದು ಕೇಳುತ್ತಿತ್ತು. ಆಮೇಲೆ ಮುಟ್ಟಿ ನೋಡಿ ಅಂದರು. ಹಳೆಯದು ಹಾಲು ಹಿಂಡಿದ ಪಾತ್ರೆಯಷ್ಟು ಬೆಚ್ಚಗಿತ್ತು. ಹೊಸದರ ಮೇಲೆ ಕೈ ಇಡಲು ಆಗಲಿಲ್ಲ.

“ಮೇಲೆ ಮೂರು ತೋರಿಸ್ತೈತೆ. ಒಳಗೆ ಎಂಥ ತಂತಿ ಹಾಕ್ಯಾರೋ. ನಾಳೆ ಒಂದು ದಿನ ಓಡಬಹುದು, ಓಡದೇನೂ ಇರಬಹುದು. ಹಳೇದು ನಾವಿಬ್ರೂ ಹೋದ ಮೇಲೂ ಓಡ್ತೈತೆ. ಆದ್ರೆ ನಿಮ್ಮ ಕಲ್ಲಿನೊಳಗಿನ ತಂತಿ ತುಂಡಾಗಿದ್ರೆ ಗಾಡಿ ಉಸಿರೂ ಬಿಡಲ್ಲ. ನೀವೇ ಆರಿಸ್ಕೊಳ್ಳಿ.”

ಕಲ್ಲನ್ನು ಕಟ್ಟುವಾಗ ನಾನು ಅದನ್ನು ಚೌಕಟ್ಟಿಗೆ ಎರಡು ಸಲ ತಾಗಿಸಿದ್ದೆ. ಎಂಟು ತಿಂಗಳು ಗಾಳಿಗೆ ಅದು ಬಾಗಿಲಿಗೆ ಬಡಿಯುತ್ತಿತ್ತು. ಎಲ್ಲವೂ ನೆನಪಿತ್ತು. ಆದರೂ ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡೆ. ಮಿಂಚುವುದನ್ನು ನಂಬಿ ಮೂರು ದಿನ ಹಾಳು ಮಾಡಿಕೊಂಡಿದ್ದೆ, ನಾಲ್ಕನೆಯ ದಿನ ಉಳಿದಿರಲಿಲ್ಲ. ಪಾಯಿಂಟ್ ಕೂಡ ಅವರೇ ಕೊಟ್ಟರು.

ಸೋಮವಾರ ಬೆಳಗ್ಗೆ ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಹತ್ತಿದೆ. ಗೌರಸಮುದ್ರದವಳು ಚೀಲದಿಂದ ಎದ್ದು ನಿಂತಳು. ಎದುರಿನವನು ತನ್ನ ಕುರ್ಚಿಯಿಂದ ನೋಡುತ್ತಿದ್ದ. ನಾನು ಕಪ್ಪು ದಾರ ಬಿಚ್ಚಿದೆ. ಬಿತ್ತನೆಯ ಮುಂಚಿನ ದಿನ ದೃಷ್ಟಿಕಲ್ಲು ಇಳಿಸುತ್ತಾರಾ ಎಂದು ಒಬ್ಬರು ಕೇಳಿದರು. ನಾನು ಅದನ್ನು ಸೀಗೆಪುಡಿ ಹಾಕಿ ಉಜ್ಜಿ, ಬರೀ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟು ಒಣಗಿಸಿದೆ. ಬಿಳಿ ಕಲ್ಲು ಬಿಳಿಯಾಗಿ ಕಂಡು ಎಷ್ಟು ವರ್ಷವಾಗಿತ್ತೋ.

ತಮ್ಮನಿಗೆ ಎಲ್ಲ ಹೇಳಿದೆ. ಅವನು ಕಲ್ಲನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಲ್ಲನ್ನು ನೋಡಿದ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ವೈರು ಹೊಸೆದವನು ತಾನೇ ಎನ್ನುವುದು ಅವನಿಗೂ ನೆನಪಿತ್ತು.

ಹಳೆಯ ಜಾಗದಲ್ಲಿ ಕಲ್ಲು ಕೂರಿಸಿ, ಎರಡು ಕಡೆ ವೈರು ಬಿಗಿದು, ತಗ್ಗಾದ ಕಾಯಿಲ್ ಹಾಕಿ, ತಮ್ಮ ಹ್ಯಾಂಡಲ್ ತಿರುಗಿಸಿದ. ಏನೂ ಇಲ್ಲ. ಮತ್ತೆ ತಿರುಗಿಸಿದ. ಉಸಿರಿಲ್ಲ. ಐದನೆಯ ಸಲವೂ ಇಲ್ಲ. ಗೌರಸಮುದ್ರದವಳು ಚೀಲದ ಬಾಯಿ ಬಿಗಿದು ಕಟ್ಟತೊಡಗಿದಳು. ಎದುರಿನವನು ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಒರೆಸಿದ.

ನಾನು ಬಾನೆಟ್ಟಿನೊಳಗೆ ತಲೆ ಹಾಕಿದೆ. ಕಲ್ಲಿನ ತುದಿಯ ಸ್ಕ್ರೂ ಸುತ್ತ ಹಳದಿ ಕಂಡಿತು. ಅರಿಶಿನ, ಎಣ್ಣೆ, ಕುಂಕುಮ, ಎಲ್ಲ ಸೇರಿ ಗಾರೆಯಾಗಿ ಸ್ಕ್ರೂ ಕೆಳಗೆ ಇನ್ನೂ ಕೂತಿತ್ತು. ವೈರು ಹಿತ್ತಾಳೆಗೆ ತಾಗಿರಲಿಲ್ಲ, ನನ್ನ ಭಕ್ತಿಗೆ ತಾಗಿತ್ತು. ಬಿಚ್ಚಿಸಿ, ಕುಡುಗೋಲಿನ ಮೊನೆಯಿಂದ ಎರಡೂ ತುದಿಗಳನ್ನು ಹಿತ್ತಾಳೆ ಹೊಳೆಯುವವರೆಗೆ ಕೆರೆದೆ. ಕೆರೆಯುತ್ತಾ ಕೆರೆಯುತ್ತಾ ನನ್ನನ್ನೇ ಬೈದುಕೊಂಡೆ, ಇಲ್ಲಿ ಹೇಳುವಂಥ ಮಾತಲ್ಲ.

ತಮ್ಮ ಮತ್ತೆ ವೈರು ಬಿಗಿದ. ಮೊದಲ ತಿರುವಿಗೆ ಕೆಮ್ಮಿತು. ಮೂರನೆಯದಕ್ಕೆ ಹೊತ್ತಿಕೊಂಡಿತು. ಆರ್ಭಟವಿರಲಿಲ್ಲ. ಮೊದಲಿನ ಹಾಗೆ ಮುದಿ ಎತ್ತಿನ ಸದ್ದು. ಪಟ್ಟಾ ಹಾಕಿದೆವು. ಗೌರಸಮುದ್ರದವಳ ಚೀಲವೇ ಮೊದಲು. ಅರ್ಧ ಗಂಟೆ ಬಿಟ್ಟು ಕಾಯಿಲ್ ಮುಟ್ಟಿದೆ, ಹಾಲಿನ ಪಾತ್ರೆ. ಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟೆ, ಚುಯ್ ಅಂದಿತು. ಅದು ತನ್ನ ಕೆಲಸ ಮಾಡುತ್ತಿತ್ತು.

ಅವಳು ಮಿಷನ್ನಿನಿಂದ ಬಿದ್ದ ಬೀಜವನ್ನು ಒಂದು ಹಿಡಿ ಎತ್ತಿಕೊಂಡು ಬೆರಳಿನಲ್ಲಿ ಉರುಳಿಸಿ ನೋಡಿದಳು. ಒಂದೂ ಹೋಳಾಗಿರಲಿಲ್ಲ. ಶುಕ್ರವಾರ ಎದುರಿನವನ ಹಿಂದೆ ಹೋಗಿದ್ದ ಮೂವರಲ್ಲಿ ಇಬ್ಬರು ಚೀಲ ಹೊತ್ತುಕೊಂಡು ವಾಪಸ್ ಬಂದರು. ಅವರನ್ನು ಸಾಲಿನ ಕೊನೆಗೆ ನಿಲ್ಲಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಚೀಲ ಮುಗಿಯಿತು. ತಮ್ಮ ಗುಜರಿಯ ಮಾತು ಎತ್ತಲಿಲ್ಲ. ಕಾಯಿಲ್ ಮೇಲಿನ ಧೂಳನ್ನು ತನ್ನ ಟವೆಲ್ಲಿನಿಂದ ಒರೆಸಿ ಬಾನೆಟ್ ಮುಚ್ಚಿದ.

ಮಧ್ಯೆ ಒಂದು ಸಲ ಪಟ್ಟಾ ನಿಲ್ಲಿಸಿದಾಗ, ಇದ್ದವರಿಗೆಲ್ಲ ನಾನೇ ಹೇಳಿದ್ದೆ. ಅದು ದೃಷ್ಟಿಕಲ್ಲಲ್ಲ, ಕರೆಂಟ್ ತಡೆಯುವ ಕಲ್ಲು. ನಾನು ದಡ್ಡತನದಿಂದ ಬಿಚ್ಚಿ ಮೂರು ಕಾಯಿಲ್ ಸುಟ್ಟೆ. ಒಂದೂ ಬಿಡದೆ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಗೌರಸಮುದ್ರದವಳು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

“ಬಿಡಕ್ಕ. ಇಂಥವನ್ನ ಹೊರಗೆ ಹೇಳಬಾರದು ಅಂತ ನಮಗೂ ಗೊತ್ತೈತೆ.”

ಮರುದಿನ ನೋಡಿದರೆ ಬಾನೆಟ್ಟಿನೊಳಗೆ ಯಾರೋ ಆ ಕಲ್ಲಿಗೆ ಕುಂಕುಮ ಇಟ್ಟು ಹೋಗಿದ್ದರು. ಕಲ್ಲು ಆರುವ ಮೊದಲೇ ಇಟ್ಟಿರಬೇಕು, ಅದು ಕಪ್ಪಾಗಿತ್ತು.

ಬಿತ್ತನೆ ಮುಗಿದ ಮೇಲೆ ಒಂದು ದಿನ ಎದುರಿನವನ ಶೆಡ್ಡಿನ ಮುಂದೆ ಹಾದು ಹೋಗುತ್ತಿದ್ದೆ. ಅವನ ಹೊಸ ಡೀಸೆಲ್ ಮಿಷನ್ನಿನ ಎಂಜಿನ್ ಪಕ್ಕದಲ್ಲಿ ಒಂದು ಬಿಳಿ ತುಂಡು ನೇತಾಡುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಬಚ್ಚಲಿಗೆ ಹಾಕುವ ಟೈಲ್ಸಿನ ಚೂರು. ಅರಿಶಿನ ಮೆತ್ತಿ, ಎರಡು ಕಡೆ ವೈರು ಸುತ್ತಿ, ನೀಟಾಗಿ ಕಟ್ಟಿದ್ದ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ, ಕಾಯಿಲೇ ಇಲ್ಲ, ಇದು ಯಾತಕ್ಕೆ ಎಂದು ಕೇಳಿದೆ. ನನ್ನದು ದೃಷ್ಟಿಕಲ್ಲಲ್ಲ ಎಂದು ಬಿಡಿಸಿ ಹೇಳಿದೆ. ಅವನು ಗುಟ್ಟು ಹಿಡಿದವನ ಹಾಗೆ ನಕ್ಕ.

ಇನ್ನೊಂದು ಸಲ ಹೇಳಿದೆ. ಆಗಲೂ ನಕ್ಕ. ಎರಡು ಸಲಕ್ಕೇ ನನಗೆ ಸಾಕಾಯಿತು. ನನ್ನ ಗಂಡ ಎಷ್ಟು ಸಲ ಹೇಳಿ ನಿಲ್ಲಿಸಿದನೋ ನನಗೆ ನೆನಪಿಲ್ಲ.